ಮಲಗಿರುವ ಎಲ್ಕ್ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ

೧

ಈ ಕಥೆಯನ್ನು ಗುಂಡಿನ ಸದ್ದಿನಿಂದ ಶುರು ಮಾಡೋಣ ಅಂದುಕೊಂಡಿದ್ದೆ. ಆದರೆ ಮಾರ್ಲಿಸ್ ಕೈಯಲ್ಲಿರುವುದು ಬಿಲ್ಲು. ಆ ಸಾಲು ಹೊಡೆದುಹಾಕಿದೆ.

೧, ಇನ್ನೊಮ್ಮೆ

"ಅದೊಂದು ಮಂಜು ಕವಿದ ಮುಂಜಾವು..." ಇಲ್ಲ, ಮಟಮಟ ಮಧ್ಯಾಹ್ನ. ಅಮೆರಿಕದ ಐಡಹೋ ಬೆಟ್ಟಗಳಲ್ಲಿ ಸೆಪ್ಟೆಂಬರಿನ ಮಧ್ಯಾಹ್ನ ಏನೂ ನಡೆಯುವುದಿಲ್ಲ. ಎಲ್ಕ್‌ಗಳು (ನಮ್ಮ ಕಡವೆಗೆ ದೊಡ್ಡಪ್ಪ ಆಗಬೇಕು) ಫರ್ ಮರಗಳ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತವೆ. ಏನೂ ನಡೆಯದ ಹೊತ್ತಿನಲ್ಲಿ ಕಥೆ ಶುರು ಮಾಡುವವನು ನನ್ನಂಥ ಪೆದ್ದನೇ ಇರಬೇಕು. ಇರಲಿ, ನೀವು ಬಂದಾಯಿತಲ್ಲ, ಕೂತುಕೊಳ್ಳಿ.

೨

ಮಾರ್ಲಿಸ್ ಟೋಲಫ್ಸನ್, ಐವತ್ತು ದಾಟಿದ ಹೆಂಗಸು, ಶಾಲಾ ಬಸ್ಸಿನ ಡ್ರೈವರು, ಬಿದ್ದ ಮರದ ಹಿಂದೆ ಮಂಡಿಯೂರಿ ಕೂತಿದ್ದಾಳೆ. ಕೆಳಗೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ಗಂಡು ಎಲ್ಕ್ ಮಲಗಿದೆ. ಕಾಣುವುದು ಕೊಂಬಿನ ತುದಿ ಮಾತ್ರ. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿದೆ: ಅದರ ವಾಸನೆ ಇವಳಿಗೆ, ಇವಳ ವಾಸನೆ ಆಕಾಶಕ್ಕೆ. ನಾಳೆಗೆ ಬಿಲ್ಲು ಬೇಟೆಯ ಸೀಸನ್ ಮುಗಿಯುತ್ತದೆ.

ನಾಲಿಗೆಯ ಮೇಲೆ ರಬ್ಬರ್ ಪೀಪಿ ಇಟ್ಟುಕೊಂಡು ಅವಳು ಹೆಣ್ಣು ಎಲ್ಕ್‌ನಂತೆ ಮೆಲ್ಲಗೆ ಕುಯ್ಗುಟ್ಟಿದಳು. ಗಂಡು ಮಲಗಿದಲ್ಲಿಂದಲೇ ಸಿಳ್ಳೆಯಂಥ ಒಂದು ಕೂಗು ಹಾಕಿತು. ಅಂದರೆ, ಬೇಕಾದರೆ ನೀನೇ ಬಾ. ಮಧ್ಯಾಹ್ನ ಮಲಗಿದ ಗಂಡಸನ್ನು ಎಬ್ಬಿಸುವುದು ಯಾವ ದೇಶದಲ್ಲೂ ಸುಲಭವಲ್ಲ.

(ಇಲ್ಲಿ ನಾನು ಒಂದು ಕರಡಿ ಬಿಟ್ಟಿದ್ದೆ. ನಿಮಗೆ ಬೋರಾಗಬಾರದಲ್ಲ. ಮಾರ್ಲಿಸ್ ತಲೆಯೆತ್ತಿ ನನ್ನನ್ನೇ ನೋಡಿದಳು.

"ಏನಯ್ಯ ಅದು?"

"ಕರಡಿ."

"ಕಾಣುತ್ತೆ. ಯಾಕೆ?"

"ಓದುಗರು ಎದ್ದು ಹೋಗ್ತಾರೆ."

"ಅವರು ಎದ್ದು ಹೋದ್ರೆ ಹೋಗ್ಲಿ. ಈ ಎಲ್ಕ್ ಎದ್ದು ಹೋದ್ರೆ ನಿನ್ನ ಚರ್ಮ ಸುಲೀತೀನಿ. ತೆಗಿ ಅದನ್ನ."

ತೆಗೆದೆ.)

೪ (ಮೂರರಲ್ಲಿ ಕರಡಿಯಿತ್ತು)

ಕಷ್ಟ ಏನೆಂದರೆ, ಒಂಟಿಯಾಗಿ ಕರೆದರೆ ಎಲ್ಕ್ ಆ ಸದ್ದು ಬಂದ ಕಡೆಗೇ ಕಣ್ಣು ನೆಟ್ಟು ಬರುತ್ತದೆ. ಬಿಲ್ಲು ಎಳೆದ ಕೂಡಲೇ ಕಂಡುಬಿಡುತ್ತದೆ. ಅದಕ್ಕೇ ಇಬ್ಬರು ಬೇಕು. ಒಬ್ಬರು ಮುಂದೆ ಬಿಲ್ಲು ಹಿಡಿದು ತೆಪ್ಪಗೆ, ಇನ್ನೊಬ್ಬರು ಅವರ ಬೆನ್ನ ಹಿಂದೆ ದೂರದಲ್ಲಿ ಕೂತು ಕರೆಯುವುದು. ಎಷ್ಟೋ ವರ್ಷ ಆ ಜಾಗದಲ್ಲಿ ಕೂತವಳು ತಂಗಿ ಜೊರೆಟಾ.

ಹೋದ ವರ್ಷ ಇಂಥದೇ ಮಧ್ಯಾಹ್ನ ಮಲಗಿದ್ದ ಗಂಡು ಎದ್ದು ನಿಂತಿತ್ತು. ಮಾರ್ಲಿಸ್ ಬಿಲ್ಲು ಎಳೆಯುವುದಷ್ಟೇ ಬಾಕಿ. ಜೊರೆಟಾಗೆ ತಡೆಯಲಾಗಲಿಲ್ಲ, ಇನ್ನೊಮ್ಮೆ ಕರೆದಳು. ಮತ್ತೂ ಒಮ್ಮೆ. ಎಲ್ಕ್‌ಗೆ ಅನುಮಾನ ಬಂತು, ಹೊರಟುಹೋಯಿತು.

"ನಿನ್ನ ಕರ್ಕೊಂಡು ಬರೋ ಬದಲು ಟ್ರಕ್ಕಿನ ಹಾರ್ನ್ ಬಿಚ್ಕೊಂಡು ಬರ್ಬಹುದಿತ್ತು," ಎಂದಳು ಮಾರ್ಲಿಸ್.

"ಹಾಗಾದ್ರೆ ಮಾಂಸಾನೂ ಆ ಹಾರ್ನ್ ಹತ್ರಾನೇ ಹೊರಿಸ್ಕೋ," ಎಂದಳು ಜೊರೆಟಾ.

ಅಂದಿನಿಂದ ಇಬ್ಬರೂ ಠೂ ಬಿಟ್ಟಿದ್ದಾರೆ. ಚರ್ಚಿನ ಊಟದಲ್ಲಿ ಒಬ್ಬಳು ಮೇಜಿನ ಆ ತುದಿ, ಒಬ್ಬಳು ಈ ತುದಿ. ತಂಗಿ ಮಾಡಿ ತಂದ ಆಲೂಗಡ್ಡೆ ಸಾಲಡ್ ಬೇಕಾದರೆ ಅಕ್ಕ ಪಾದ್ರಿಯ ಕೈಲಿ ಹೇಳಿಸಬೇಕು.

"ಇದನ್ನೆಲ್ಲ ಬರೀಬೇಕಿತ್ತಾ?" ಮಾರ್ಲಿಸ್ ಪಿಸುಗುಟ್ಟಿದಳು.

"ತಂಗಿ ನೆನಪಾಗ್ತಾಳಾ?"

"ಸಾಲಡ್ ನೆನಪಾಗುತ್ತೆ."

ಸುಳ್ಳು. ಅವಳಿಗೆ ತಂಗಿ ಬೇಕಾಗಿದ್ದಳು, ಆ ಕೊಂಬಿಗಿಂತ ಹೆಚ್ಚಾಗಿ ಬೇಕಾಗಿದ್ದಳು. ಆದರೆ ತಪ್ಪಾಯಿತು ಅನ್ನುವ ಅಭ್ಯಾಸ ಆ ಮನೆತನದಲ್ಲಿ ಯಾರಿಗೂ ಇಲ್ಲ.

೫

ಆಗ ಬೆನ್ನ ಹಿಂದೆ, ಬೆಟ್ಟದ ಮೇಲ್ಗಡೆಯಿಂದ, ಇನ್ನೊಂದು ಗಂಡಿನ ಕೂಗು ಬಂತು. (ನಾನು ಬರೆದದ್ದಲ್ಲ. ನಿಮ್ಮಾಣೆ.) ಕೊನೆಯಲ್ಲಿ ಸ್ವಲ್ಪ ಒಡೆದು, ಕುದಿಯುವ ಕೆಟಲನ್ನು ಒಲೆಯಿಂದ ಇಳಿಸಿದಂತೆ ನಿಂತಿತು. ಹಾಗೆ ಕೂಗುವ ಎಲ್ಕ್ ಭೂಮಿಯ ಮೇಲಿಲ್ಲ. ಹಾಗೆ ಕೂಗುವವಳು ಒಬ್ಬಳೇ. ಕೆಳಗೆ ರಸ್ತೆಬದಿಯಲ್ಲಿ ಮಾರ್ಲಿಸ್‌ಳ ಕೆಂಪು ಟ್ರಕ್ ನಿಂತಿದೆ. ಅದನ್ನು ದಾಟದೆ ಈ ಬೆಟ್ಟಕ್ಕೆ ದಾರಿಯಿಲ್ಲ. ಅಂದರೆ ಇಲ್ಲಿ ಅಕ್ಕ ಕೂತಿದ್ದಾಳೆಂದು ಜೊರೆಟಾಗೆ ಗೊತ್ತು.

ಹೆಣ್ಣಿನ ಪಕ್ಕದಲ್ಲೇ ಇನ್ನೊಬ್ಬ ಗಂಡು! ಕೆಳಗೆ ಮಲಗಿದ್ದವನ ಮೆಲುಕು ನಿಂತಿತು. ಕೊಂಬು ಇತ್ತ ತಿರುಗಿತು.

ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು. ಈಗ ಜೊರೆಟಾ ಇನ್ನೊಮ್ಮೆ ಕೂಗುತ್ತಾಳೆ, ಕೂಗದೆ ಇರಲಾರಳು. ಹುಟ್ಟುಗುಣ ಸುಟ್ಟರೂ ಹೋಗದು.

ಕೂಗು ಬರಲಿಲ್ಲ.

ನೊಣವೊಂದು ಗುಂಯ್‌ಗುಟ್ಟಿಕೊಂಡು ಬಂದು ಬಿಲ್ಲಿನ ಮೇಲೆ ಕೂತು, ಬೇಜಾರಾಗಿ ಹೋಯಿತು. ನೆರಳು ಮರದ ಆಚೆ ಬದಿಗೆ ಸರಿಯಿತು. ಆಗಲೂ ಕೂಗು ಬರಲಿಲ್ಲ. ಬಾಯಿ ತೆರೆದರೆ ನಿಲ್ಲಿಸಲು ಬಾರದ ಜೊರೆಟಾ ಮೇಲೆಲ್ಲೋ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮಾರ್ಲಿಸ್‌ಗೆ ಅರ್ಥವಾಯಿತು. ವರ್ಷವಿಡೀ ತಾನು ಕಾಯುತ್ತಿದ್ದ ಮಾತು ಇದೇ. ಕಣ್ಣು ತುಂಬಿತು, ನಗುವೂ ಬಂತು, ಎರಡನ್ನೂ ಸದ್ದಾಗದಂತೆ ನುಂಗಿಕೊಂಡಳು.

೬, ಮುಕ್ತಾಯಗಳು

ಕ: ಎಲ್ಕ್ ಎದ್ದು ಬಂತು, ಬಾಣ ನಾಟಿತು, ಅಕ್ಕತಂಗಿಯರು ತಬ್ಬಿಕೊಂಡರು. ("ಛೀ," ಎಂದಳು ಮಾರ್ಲಿಸ್.)

ಚ: ಎಲ್ಕ್ ಎದ್ದು ಆ ಕಡೆ ಹೋಯಿತು, ಆದರೂ ಅಕ್ಕತಂಗಿಯರು ತಬ್ಬಿಕೊಂಡರು. ("ತಬ್ಬಿಕೊಳ್ಳೋ ಜನ ಅಲ್ಲ ನಾವು.")

ಟ: ಆಗ ಆ ಕರಡಿ...

"ನಿನ್ನ ಬಾಯಲ್ಲೂ ಒಂದು ಪೀಪಿ ಇದೆ ಅಲ್ವಾ?" ತುಟಿ ಅಲುಗಿಸದೆ ಕೇಳಿದಳು ಮಾರ್ಲಿಸ್. "ಮೊದಲಿಂದ ಊದ್ತಾನೇ ಇದೀಯ. ಅವಳೇ ಸುಮ್ನೆ ಕೂತಿದಾಳೆ. ನಿನಗೇನು ಬಂದಿದೆ ರೋಗ?"

"ಕೊನೆಗೆ ಏನಾಯ್ತು ಅಂತ ಓದುಗರು ಕೇಳ್ತಾರೆ."

"ಅವರಿಗೂ ಹೇಳು, ಅಲುಗಾಡ್ಬೇಡಿ ಅಂತ."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಎಂದು ನೀವು ನನ್ನನ್ನು ಬೈಯುವಿರಿ. ಬೈಯಿರಿ, ಆದರೆ ಮೆಲ್ಲಗೆ. ಕೆಳಗೆ ಒಣಕಡ್ಡಿಯೊಂದು ಮುರಿಯಿತು. ಮಲಗಿದ್ದವನು ಮೊದಲು ಹಿಂಗಾಲ ಮೇಲೆ ಎದ್ದ, ಆಮೇಲೆ ಮುಂಗಾಲ ಮೇಲೆ. ಮೇಲೆ ತಂಗಿ ಕೂಗಲಿಲ್ಲ. ನನಗೂ ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ. ಪೀಪಿ ತೆಗೆದು ಕಿಸೆಗೆ ಹಾಕಿಕೊಂಡಿದ್ದೇನೆ.