ಹದಿನೇಳನೇ ಬಸ್ಸಿನ ನರಳಾಟ

ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸ್ಪ್ಯಾನರಮ್ಮ. ನಗರದಲ್ಲಿ ಯಾವ ಬಸ್ಸು ಕೆಮ್ಮಿದರೂ, ಯಾವುದು ಹೊಗೆ ಕಾರಿದರೂ ಕೊನೆಗೆ ಬಂದು ನಿಲ್ಲುವುದು ಅವಳ ಪಿಟ್ಟಿನ ಮೇಲೆಯೇ. ಪಿಟ್ಟು ಎಂದರೆ ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ. ಮೇಲೆ ಬಸ್ಸು, ಕೆಳಗೆ ಟಾರ್ಚು ಹಿಡಿದ ಅವಳು. ಹೆಡ್ ಮೆಕ್ಯಾನಿಕ್ ಆಗಿ ಒಂಬತ್ತು ವರ್ಷ ಕಳೆದಿತ್ತು. ಅಷ್ಟು ವರ್ಷಗಳಲ್ಲಿ ಅವಳು ‘ದೋಷವಿಲ್ಲ’ ಎಂದು ಸಹಿ ಹಾಕಿದ ಒಂದು ಬಸ್ಸೂ ದಾರಿಯಲ್ಲಿ ಕೆಟ್ಟು ನಿಂತಿರಲಿಲ್ಲ. ಆ ಜಂಬವೂ ಸ್ವಲ್ಪ ಇತ್ತು ಅನ್ನಿ, ಇರಬಾರದೇ?

ಇಂಥವಳಿಗೆ ತಲೆನೋವಾಗಿ ಗಂಟುಬಿದ್ದವರು ಸ್ವಂತ ಭಾವ, ಅಕ್ಕನ ಗಂಡ. ಇಪ್ಪತ್ತಾರು ವರ್ಷದಿಂದ ಬಸ್ಸು ಓಡಿಸುತ್ತಿರುವ ಡ್ರೈವರ್. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಎರಡು ತಿಂಗಳಿಂದ ಅವರು ಓಡಿಸುತ್ತಿದ್ದದ್ದು ಹದಿನೇಳನೇ ನಂಬರಿನ ಬಸ್ಸು. ವಾರ ವಾರವೂ ದೂರು ಪುಸ್ತಕದಲ್ಲಿ ಅದೇ ಸಾಲು: ‘ಎಡಕ್ಕೆ ತಿರುಗಿಸುವಾಗ ಕೆಳಗಿನಿಂದ ಯಾರೋ ನರಳಿದಂತೆ ಸದ್ದು.’ ಸ್ಪ್ಯಾನರಮ್ಮ ಪಿಟ್ಟಿಗಿಳಿದು ಒಂದೊಂದು ಬೋಲ್ಟನ್ನೂ ತಟ್ಟಿ ನೋಡಿದಳು. ತಾನೇ ಸ್ಟಿಯರಿಂಗ್ ಹಿಡಿದು ಡಿಪೋದ ಅಂಗಳದಲ್ಲಿ ಎಡಕ್ಕೆ ಸುತ್ತಿ ಸುತ್ತಿ ತಲೆ ತಿರುಗಿಸಿಕೊಂಡಳು. ನರಳಾಟವಿರಲಿ, ಒಂದು ನಿಟ್ಟುಸಿರೂ ಕೇಳಲಿಲ್ಲ. ‘ಪರೀಕ್ಷಿಸಿದೆ, ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದಳು. ಹೀಗೆ ಏಳು ಸಲ.

ಏಳನೆಯ ಸಹಿ ಬಿದ್ದ ಮೇಲೆ ಮ್ಯಾನೇಜರ್ ಭಾವನ ಕೈಗೊಂದು ಕಾಗದ ಕೊಟ್ಟರು. ಸೋಮವಾರದೊಳಗೆ ಸದ್ದಿಗೆ ಕಾರಣ ಸಿಗದಿದ್ದರೆ ಡ್ರೈವರ್ ಕಿವಿಯ ಜೊತೆಗೆ ಮನಸ್ಸಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು; ಸೋಮವಾರದಿಂದ ಆ ಪರೀಕ್ಷೆ ಮುಗಿಯುವವರೆಗೆ ಬಸ್ಸು ಮುಟ್ಟುವಂತಿಲ್ಲ, ಗೇಟಿನಲ್ಲಿ ಕೂತು ಬರುವ ಹೋಗುವ ಬಸ್ಸುಗಳ ನಂಬರು ಬರೆಯಬೇಕು.

ಗುರುವಾರ ಸಂಜೆ ಅಕ್ಕ ಅವಳನ್ನು ಮನೆಗೆ ಕರೆಸಿಕೊಂಡಳು. ಭಾವ ಒಳಗಿನ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿದ್ದರು. ಅಕ್ಕ ತಂಗಿಯ ಮುಂದೆ ಲೋಟ ಕುಕ್ಕಿದಳು.

“ಅವರನ್ನ ಗೇಟಲ್ಲಿ ಕೂರಿಸಿದ್ರೆ ಮನೇಲಿ ನನ್ನನ್ನೇ ಬಸ್ಸು ಅಂದ್ಕೊಂಡು ಓಡಿಸ್ತಾರೆ. ಅದೇನೂ ಪರವಾಗಿಲ್ಲ, ಹೇಗೋ ಓಡ್ತೀನಿ. ಆದ್ರೆ ಮನುಷ್ಯ ಊಟಾನೇ ಬಿಟ್ಟಿದಾರಲ್ಲೇ.”

“ಅಕ್ಕಾ, ಇಲ್ಲದ ಸದ್ದನ್ನ ನಾನು ಎಲ್ಲಿಂದ ತರ್ಲಿ? ನಾನೇ ಓಡಿಸಿ ನೋಡಿದೀನಿ.”

“ನೀನು ಓಡಿಸಿದ್ದು ಅಂಗಳದಲ್ಲಿ. ಅವರು ಓಡಿಸೋದು ಊರಲ್ಲಿ. ಒಂದು ದಿನ ಟಿಕೆಟ್ ತಗೊಂಡು ಆ ಬಸ್ಸಲ್ಲಿ ಹೋಗಿ ಬಾ. ನಿನ್ನ ಗಂಟೇನೂ ಹೋಗಲ್ಲ.”

ಅವಳಿಗೆ ಮೂಗಿನ ತುದಿಗೆ ಕೋಪ ಬಂತು. ತನ್ನ ಕೆಲಸವನ್ನು ಅಕ್ಕ ಹೇಳಿಕೊಡಬೇಕೇ? ಆದರೂ ಒಳಕೋಣೆಯ ಆ ಬೆನ್ನು ನೋಡಿ ಕರುಳು ಚುರುಕ್ ಎಂದಿತು. ಶುಕ್ರವಾರ ಅವಳಿಗೆ ವಾರದ ರಜೆ. ಬೆಳಗ್ಗೆ ಎಂಟೂವರೆಗೆ ಹೋಗಿ ಸ್ಟಾಪಿನಲ್ಲಿ ನಿಂತಳು.

ಒಂಬತ್ತು ವರ್ಷದಲ್ಲಿ ಅವಳು ಬಸ್ಸುಗಳ ಹೊಟ್ಟೆಯಡಿ ಕಳೆದಷ್ಟು ಹೊತ್ತನ್ನು ಬಸ್ಸಿನೊಳಗೆ ಕಳೆದಿರಲಿಲ್ಲ. ಕಚೇರಿಯ ಹೊತ್ತು, ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಒಬ್ಬರ ಮೊಣಕೈ ಅವಳ ಪಕ್ಕೆಯಲ್ಲಿ, ಇನ್ನೊಬ್ಬರ ಚೀಲ ಅವಳ ಕುತ್ತಿಗೆಯಲ್ಲಿ. ಮುಂದೆ ಭಾವ ಕನ್ನಡಿಯಲ್ಲಿ ಅವಳನ್ನು ಕಂಡರೂ ಕಾಣದವರ ಹಾಗೆ ಗೇರು ಹಾಕಿದರು. ಆಸ್ಪತ್ರೆಯ ತಿರುವಿನಲ್ಲಿ ಬಸ್ಸು ಎಡಕ್ಕೆ ವಾಲಿತು. ಆಗ ಅವಳ ಪಾದದಡಿಯಿಂದ ಬಂತು, ಜ್ವರದಲ್ಲಿ ಮಲಗಿದವರು ಮಗ್ಗುಲು ಬದಲಿಸುವಾಗ ನರಳುವ ಹಾಗೆ, ಉದ್ದಕ್ಕೆ, ಸಣ್ಣಗೆ.

ಅವಳು ತಲೆ ತಗ್ಗಿಸಿ ಪಾದದ ಕಡೆ ನೋಡಿದಳು.

“ಇದು ದಿನಾ ಹೀಗೇ ಅಮ್ಮ,” ಎಂದರು ಮೊಣಕೈಯವರು. “ನಮಗೆ ಅಭ್ಯಾಸ ಆಗಿದೆ.”

ಕೊನೆಯ ಸ್ಟಾಪಿನಲ್ಲಿ ಜನರೆಲ್ಲ ಇಳಿದರು. ಅವಳು ಇಳಿಯಲಿಲ್ಲ. ಖಾಲಿ ಬಸ್ಸನ್ನು ಭಾವ ತಿರುಗಿಸಿ ನಿಲ್ಲಿಸುವಾಗ ಎಡಕ್ಕೆ ಎರಡು ಸಲ ಸುತ್ತಿದರು. ಸದ್ದೇ ಇಲ್ಲ. ಆಗ ಅವಳು ಹಣೆ ಹಣೆ ಚಚ್ಚಿಕೊಂಡಳು. ತುಂಬಿದ ಕೊಡ ತುಳುಕುವುದಿಲ್ಲ ಎಂದವರು ಬಸ್ಸು ಕಂಡಿರಲಿಲ್ಲ; ಇದು ತುಂಬಿದರೆ ಮಾತ್ರ ಬಾಯಿ ಬಿಡುವ ಬಸ್ಸು. ತಾವೆಲ್ಲ ಅದನ್ನು ಪರೀಕ್ಷಿಸುತ್ತ ಬಂದದ್ದು ಖಾಲಿಯಾಗಿ. ಇದೊಂದನ್ನೇ ಅಲ್ಲ, ಎಲ್ಲ ಬಸ್ಸುಗಳನ್ನೂ, ಡಿಪೋ ಶುರುವಾದಾಗಿನಿಂದಲೂ.

“ಭಾವ, ಗಾಡಿ ಡಿಪೋಗೆ ತಗೊಳ್ಳಿ. ನಿಧಾನಕ್ಕೆ. ಯಾರನ್ನೂ ಹತ್ತಿಸಬೇಡಿ.”

ಪಿಟ್ಟಿನ ಮೇಲೆ ಬಸ್ಸು ನಿಲ್ಲಿಸಿ ಅವಳು ಮ್ಯಾನೇಜರ್ ಕೋಣೆಗೆ ನುಗ್ಗಿದಳು. “ಸಾರ್, ನನಗೆ ಅರವತ್ತು ಜನ ಬೇಕು. ಐದೇ ನಿಮಿಷ.”

“ರಜೆ ದಿನ ಬಂದು ಜನ ಕೇಳ್ತೀಯಲ್ಲ, ಎಲೆಕ್ಷನ್‌ಗೆ ನಿಂತಿದೀಯಾ?”

ಆದರೂ ಜನ ಬಂದರು. ಬಸ್ಸು ತೊಳೆಯುವವರು, ಟೈರಿನವರು, ಗುಮಾಸ್ತರು, ಕ್ಯಾಂಟೀನಿನ ಅಡುಗೆಯವಳು, ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಕಂಡಕ್ಟರುಗಳು. ನಗುತ್ತ, ತಳ್ಳಾಡುತ್ತ ಹತ್ತಿದರು. ಒಬ್ಬ ಅಭ್ಯಾಸಬಲದಿಂದ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಕೂಗಿದ. ಐವತ್ತೇಳಕ್ಕೆ ಲೆಕ್ಕ ನಿಂತಿತು. ಅಡುಗೆಯವಳು ಕಿಟಕಿಯಿಂದ ಇಣುಕಿ, “ಸಾರ್ ಒಬ್ಬರು ಹತ್ತಿದ್ರೆ ಅರವತ್ತು ಭರ್ತಿ,” ಎಂದಳು. ಮ್ಯಾನೇಜರ್ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಹತ್ತಿದರು. ಬಸ್ಸು ಒಂದು ಗೇಣು ತಗ್ಗಿತು.

ಸ್ಪ್ಯಾನರಮ್ಮ ಕೆಳಗಿನಿಂದ ಟಾರ್ಚು ಬಿಟ್ಟಳು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟು, ಅದನ್ನು ನಡುವೆ ಎತ್ತಿ ಹಿಡಿದ ಕಬ್ಬಿಣದ ಪಟ್ಟಿ. ಆ ಪಟ್ಟಿಯ ಮೇಲೆ ಏಳು ಸಲ ಅವಳು ಬೆರಳಾಡಿಸಿದ್ದಳು. ಈಗ ಅಲ್ಲಿ ಬಿರುಕು ತುಟಿ ಬಿಟ್ಟಿತ್ತು, ಉಗುರು ತೂರುವಷ್ಟು. “ಎಲ್ಲರೂ ಇಳೀರಿ!” ಎಂದು ಕೂಗಿದಳು. ಒಬ್ಬೊಬ್ಬರಾಗಿ ಇಳಿದಂತೆ ಬಿರುಕು ಮುಚ್ಚುತ್ತ ಬಂತು, ಕೊನೆಗೆ ಕೂದಲೆಳೆಯೂ ಕಾಣಲಿಲ್ಲ. ಇನ್ನೊಂದು ವಾರ ಓಡಿದ್ದರೆ ಪಟ್ಟಿ ಮುರಿದು, ಶಾಫ್ಟು ರಸ್ತೆಗೆ ಬಿದ್ದು, ತುಂಬಿದ ಬಸ್ಸು... ಅವಳಿಗೆ ಮುಂದೆ ಯೋಚಿಸಲಾಗಲಿಲ್ಲ. ಆದರೂ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವೂ ಆಗುತ್ತಿತ್ತು.

ಮ್ಯಾನೇಜರ್ ಬಗ್ಗಿ ನೋಡಿ, ಬೆವರು ಒರೆಸಿಕೊಂಡು, ಭಾವನ ಭುಜ ತಟ್ಟಿದರು. “ನಾನು ಕೊಟ್ಟ ಕಾಗದ ಹರಿದು ಹಾಕಿ. ತಪ್ಪು ನಮ್ಮದು.” ಆಮೇಲೆ ದನಿ ತಗ್ಗಿಸಿ ಅವಳಿಗೆ, “ಪುಸ್ತಕದಲ್ಲಿ ‘ಹೊಸದಾಗಿ ಕಂಡ ದೋಷ’ ಅಂತ ಬರಿ. ಹಳೇದು ಕೆದಕಿದ್ರೆ ಮೇಲಿನವರು ನಿನ್ನನ್ನೇ ಕೇಳ್ತಾರೆ,” ಎಂದು ಹೊರಟರು.

ಪಿಟ್ಟಿನ ಮೆಟ್ಟಿಲ ಮೇಲೆ ಭಾವ ನಾದಿನಿ ಇಬ್ಬರೇ ಉಳಿದರು.

“ಬೈದುಬಿಡಿ ಭಾವ,” ಎಂದಳು ಅವಳು. “ನಿಮ್ಮನ್ನ ಹುಚ್ಚರ ಹಾಗೆ ಕಾಣಿಸಿಬಿಟ್ಟೆ.”

ಭಾವ ಬೈಯಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟರು. ಅದು ಅವರದೇ ಕೈಬರಹ. ‘ನನಗೆ ಇಲ್ಲದ ಸದ್ದು ಕೇಳುತ್ತಿದೆ. ಪ್ರಯಾಣಿಕರ ಜೀವದ ಪ್ರಶ್ನೆ. ದಯವಿಟ್ಟು ನನ್ನನ್ನು ಡ್ರೈವಿಂಗಿನಿಂದ ಬಿಡಿಸಿ.’ ಕೆಳಗೆ ಸಹಿ, ಇವತ್ತಿನದೇ ತಾರೀಖು.

“ಕಿವಿ ಡಾಕ್ಟರ್ ಹತ್ರಾನೂ ಹೋಗಿದ್ದೆ, ನಿಮ್ಮಕ್ಕಂಗೆ ಹೇಳ್ದೇ. ಕಿವಿ ಚೆನ್ನಾಗಿದೆ ಅಂದ್ರು. ನಾನು ನಂಬಲಿಲ್ಲ. ನೀನು ಏಳು ಸಲ ಇಲ್ಲ ಅಂದ್ಮೇಲೆ ಅದು ಇಲ್ಲ ಅಂತಲೇ ಲೆಕ್ಕ. ನನ್ನ ಕಿವಿಗಿಂತ ನಿನ್ನ ಸಹಿ ಮೇಲೇ ನಂಬಿಕೆ ಜಾಸ್ತಿ ಕಣಮ್ಮ ನನಗೆ.”

ಅವಳಿಗೆ ಅಳು ಬಂತು, ಅತ್ತಳು. ಕೈಯ ತುಂಬ ಗ್ರೀಸು, ಕಣ್ಣೊರೆಸಿಕೊಳ್ಳುವಂತೆಯೂ ಇಲ್ಲ. ಭಾವನ ಅರ್ಜಿಯಲ್ಲೇ ಎರಡೂ ಕೈ ಗಸಗಸ ಒರೆಸಿ, ಅದನ್ನು ಉಂಡೆ ಕಟ್ಟಿ ಕಸದ ಡಬ್ಬಿಗೆ ಎಸೆದಳು. ಆಮೇಲೆ ದೂರು ಪುಸ್ತಕ ತಂದು ಮೊಣಕಾಲ ಮೇಲಿಟ್ಟುಕೊಂಡು, ಹಾಳೆ ಹಿಂದೆ ತಿರುವುತ್ತ ತನ್ನ ಏಳು ಸಹಿಗಳನ್ನೂ ಹುಡುಕಿ, ಒಂದೊಂದರ ಕೆಳಗೂ ದುಂಡಗೆ ಬರೆದಳು: ‘ಡ್ರೈವರ್ ಹೇಳಿದ್ದು ನಿಜ. ನಾನು ಸರಿಯಾಗಿ ನೋಡಿರಲಿಲ್ಲ.’