ಬಾಣಂತಿಗೆ ಕಳಿಸಿದ ಅಕ್ಕಿ

"ಹಗೂರ ಹಿಡೀರಿ ಸಾವಕಾರ, ಕಾಲು ಮಡಚವಲ್ವು," ಎಂದು ಅಂಗಡಿಯ ಆಳು ಲಾಲಪ್ಪ ಹೇಳುತ್ತಿದ್ದರೂ ಸಂಗಣ್ಣ ಸತ್ತ ತಾಯಿಯ ಮೊಣಕಾಲನ್ನು ಒತ್ತುತ್ತಲೇ ಇದ್ದ. ಕುಳ್ಳಿರಿಸಿ ಮಣ್ಣು ಕೊಡುವ ಮನೆತನ. ಹಂಪಮ್ಮನಿಗೆ ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಬೇಕು. ಪಾದಗಳು ನೋಡಿದರೆ ಬಾತು ಕುಂಬಳಕಾಯಿಯಾಗಿದ್ದವು. ಮಡಚಿದಷ್ಟು ಮಡಚಿ, ಇಳಕಲ್ ಸೀರೆ ಹೊದಿಸಿ, ಅದರ ಅಂಚನ್ನು ಎಳೆದೆಳೆದು ಪಾದ ಮುಚ್ಚಿದ.

ಸುರಪುರದ ಪೇಟೆಯೆಲ್ಲ ಅಂಗಳದಲ್ಲಿ ನೆರೆದಿತ್ತು.

"ಪುಣ್ಯಾತಗಿತ್ತಿ ಬಿಡ್ರಿ," ಎಂದ ಕಾಳಿನ ವ್ಯಾಪಾರಿ ಬಸವಂತ್ರಾಯ. "ಮೂರು ಹೊತ್ತೂ ಬಿಳೀ ಅನ್ನ, ಸಕ್ರಿ ಚಾ. ತಹಸೀಲಿನ ಪೇಶಕಾರ ಸಾಹೇಬರ ಮನ್ಯಾಗೂ ಇಷ್ಟು ನಡ್ಯಾಂಗಿಲ್ಲ. ಮಗ ಅಂದ್ರ ಹಿಂಗಿರಬೇಕು!"

ಸಂಗಣ್ಣ ತಲೆ ತಗ್ಗಿಸಿದ. ಹೊಗಳಿಸಿಕೊಳ್ಳುವುದೆಂದರೆ ಅವನಿಗೆ ಹಬ್ಬ. ಇವತ್ತು ಮಾತ್ರ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಹಿಂದಿನ ಓಣಿಯ ಅಯ್ಯಮ್ಮ ಹೊಸ್ತಿಲಾಚೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಳಗೆ ಬಾ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಕೊಡೇಕಲ್ಲಿನಿಂದ ತಂಗಿ ಭಾಗಮ್ಮನ ಗಂಡ ಜಗದೇವಪ್ಪ ಬಂದ. ಒಬ್ಬನೇ ಬಂದಿದ್ದ. ಸಂಗಣ್ಣನನ್ನು ಪಕ್ಕಕ್ಕೆ ಕರೆದ.

"ಭಾಗಮ್ಮನ ಕರಕೊಂಡು ಬರಾಕ ಆಗಲಿಲ್ಲೋ. ಹಡೆದ ಮ್ಯಾಲ ಬರಬರ್ತ ಆಕಿಗಿ ಎದ್ದು ನಿಂದ್ರಾಕ ಆಗವಲ್ದು. ಕಾಲು ಬಾತಾವ, ಜುಮ್ ಅಂತಾವ ಅಂತಾಳ. ಕೂಸಿಗೂ ಹಾಲು ಸಾಲವಲ್ವು."

ಸಂಗಣ್ಣ ತಟ್ಟನೆ ಕೇಳಿದ: "ಏನು ಉಣ್ತಾಳ್ರಿ ಆಕಿ?"

"ನೀ ಕಳಸಿದ್ದ ಅಕ್ಕೀನ ಮತ್ತ. ರೊಟ್ಟಿ ಮುಟ್ಟಾಕ ಬಿಟ್ಟಿಲ್ಲ ನಾ. ಅವ್ವಗ ಅದರಿಂದನ ಆರಾಮ ಆತು ಅಂದಿದ್ದೆಲ್ಲ ನೀ? ಚೀಲ ಮುಗದೈತಿ. ಹೊತ್ತಲ್ಲದ ಹೊತ್ತಿನಾಗ ಕೇಳ್ತೀನಿ, ತಪ್ಪು ತಿಳೀಬ್ಯಾಡ. ಇನ್ನೊಂದು ಚೀಲ ಗಾಡಿಗಿ ಹಾಕಸ್ತಿಯೇನು?"

ಸಂಗಣ್ಣ ಅಂಗಳದ ಕಡೆ ನೋಡಿದ. ಬಸವಂತ್ರಾಯ ಇತ್ತಲೇ ಕಿವಿಕೊಟ್ಟು ನಿಂತಿದ್ದ.

"ಲಾಲಪ್ಪ, ಮಾವಾರ ಗಾಡಿಗಿ ಒಂದು ಚೀಲ ಹಾಕು," ಎಂದ ಸಂಗಣ್ಣ.

*

ಹಂಪಮ್ಮ ಗಟ್ಟಿ ಹೆಣ್ಣು. ಕೋಳಿ ಕೂಗುವ ಮೊದಲೇ ಬೀಸುಕಲ್ಲಿನ ಮುಂದೆ ಕೂರುವಳು. ಬೆಳಿಗ್ಗೆ ಜೋಳದ ಅಂಬಲಿ, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ. ಸಂಜೆ ಬಾವಿಗೆ ಹೋಗಿ ನೀರು ತರುವಳು. ದವಾಖಾನೆಯ ಬಾಗಿಲು ಯಾವ ದಿಕ್ಕಿಗಿದೆಯೆಂದು ಆಕೆಗೆ ಗೊತ್ತಿರಲಿಲ್ಲ.

ಮಗ ರಾಯಚೂರ ಕಡೆಯ, ತೌಡೆಲ್ಲ ತೆಗೆದ ಬೆಳ್ಳನೆಯ ಗಿರಣಿ ಅಕ್ಕಿ ತರಿಸಿ ಮಾರತೊಡಗಿದ ಮೇಲೆ ಎಲ್ಲ ಕೆಟ್ಟಿತು. ಸಾವಕಾರನ ತಾಯಿ ಬೀಸುವುದೆಂದರೇನು, ರೊಟ್ಟಿ ಬಡಿಯುವುದೆಂದರೇನು! ಬೀಸುಕಲ್ಲು ಹಿತ್ತಲಿಗೆ ಹೋಯಿತು, ಹಂಪಮ್ಮ ಗಾದಿಯ ಮೇಲೆ ಕುಳಿತಳು. ವರ್ಷ ತುಂಬುವುದರೊಳಗೆ ಆಕೆಯ ಕಾಲು ಬಾತವು.

ಆಮೇಲೆ ಅದು ಹೇಗೋ ಬಾವು ಇಳಿಯಿತು. ಮುದುಕಿ ಮತ್ತೆ ಓಡಾಡತೊಡಗಿದಳು. ಸಂಗಣ್ಣನಿಗೆ ಹಿಗ್ಗೋ ಹಿಗ್ಗು. "ನಮ್ಮವ್ವನ್ನ ನೋಡ್ರಿ, ಇದು ಅಕ್ಕಿ ಗುಣ!" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಹಡೆದ ತಂಗಿಗೂ ಚೀಲ ಕಳಿಸಿದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬೀಳಲು ತಡವಾಗಲಿಲ್ಲ. ಒಂದು ನಸುಕಿನಲ್ಲಿ ಹಿಂದಿನ ಓಣಿಯಲ್ಲಿ ಹೋಗುವಾಗ ಅಯ್ಯಮ್ಮನ ಮನೆಯೊಳಗಿಂದ ಬೀಸುವ ಪದ ಕೇಳಿಸಿತು. ದನಿ ತಾಯಿಯದು. ಇಣುಕಿದರೆ, ಅವ್ವ ಬೀಸುವುದು ಮುಗಿಸಿ, ಅದರ ಕೂಲಿಯೆಂದು ಅಯ್ಯಮ್ಮ ಕೊಟ್ಟ ಬಿಸಿ ರೊಟ್ಟಿಯನ್ನು ಒಲೆಯ ಮುಂದೆ ಕುಳಿತು ತಿನ್ನುತ್ತಿದ್ದಳು.

"ಮಂದಿ ಮನ್ಯಾಗ ಕೂಲಿ ಬೀಸ್ತೀಯೇನಬೇ! ನನ್ನ ಮಾನಾ ಹರಾಜಿಗಿ ಇಟ್ಟಿ. ಪ್ಯಾಟ್ಯಾಗ ಮಾರಿ ಹೆಂಗ ತೋರಿಸ್ಲಿ?"

"ಒದರಬ್ಯಾಡೋ ಯಪ್ಪಾ. ನಿನ್ನ ಅನ್ನ ನನಗ ಒಗ್ಗವಲ್ದು. ಇದನ್ನ ತಿಂದ್ರ ಕಾಲು ಹಗೂರ ಆಗ್ತಾವ. ನಿನ್ನ ಯಾಪಾರ ಕೆಡಬಾರದಂತ ಯಾರ ಮುಂದೂ ಅಂದಿಲ್ಲ ನಾ."

"ಇನ್ನೊಮ್ಮಿ ಈ ಮನಿ ತುಳದ್ರ ನಾ ನಿನ್ನ ಮಗ ಅಲ್ಲ, ನೀ ನನ್ನ ಅವ್ವ ಅಲ್ಲ."

ಹಂಪಮ್ಮ ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದಳು. ಮತ್ತೆ ಹೋಗಲಿಲ್ಲ. ಕಾಲು ಮತ್ತೆ ಬಾತವು. ಸಂಗಣ್ಣ ಅದನ್ನು ದಿನವೂ ನೋಡಿದ. ನೋಡಿ ಅಂಗಡಿಗೆ ಹೋಗಿ ಅಕ್ಕಿ ಮಾರಿದ.

*

ಹೊಲದಲ್ಲಿ ಕುಣಿ ತೋಡಿದ್ದರು. ಹಂಪಮ್ಮನನ್ನು ಒಳಗೆ ಕುಳ್ಳಿರಿಸಿ, ಅಯ್ಯನವರು ಅಂಗೈಯಲ್ಲಿ ಲಿಂಗವಿಟ್ಟು ಮಂತ್ರ ಹೇಳಿದರು. ಜಗದೇವಪ್ಪ ಬಿಲ್ವಪತ್ರಿ ಹಾಕಿ ಕೈಮುಗಿದ.

"ನಾ ಬರ್ತೀನೋ ಸಂಗಣ್ಣ. ಮನ್ಯಾಗ ಆಕಿ ಒಬ್ಬಾಕಿನ ಅದಾಳ. ದಾರಿ ದೂರ."

ಅವನು ರಸ್ತೆಯಲ್ಲಿದ್ದ ಗಾಡಿಯ ಕಡೆ ನಡೆದ. ಹೆಂಗಸರ ಸಾಲಿನಿಂದ ಅಯ್ಯಮ್ಮ ಸಂಗಣ್ಣನ ಹತ್ತಿರ ಬಂದಳು. ಅವನಿಗಷ್ಟೇ ಕೇಳುವಂತೆ ಅಂದಳು:

"ರೊಟ್ಟಿ ಮಾತು ನಾ ಯಾರ ಮುಂದೂ ಅನ್ನಾಂಗಿಲ್ಲಪ್ಪ. ನಿಮ್ಮವ್ವ ಆಣಿ ಹಾಕಿಸ್ಕೊಂಡಾಳ. ನೀ ಆದ್ರೂ ನಿಮ್ಮ ಮಾವಗ ಹೇಳೋ. ಹಸಿ ಬಾಣಂತಿ ಅದು."

"ಮಗ ಮೊದಲ ಮಣ್ಣು ಹಾಕಲಿ," ಎಂದರು ಅಯ್ಯನವರು.

ಸಂಗಣ್ಣ ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದುಕೊಂಡ. ಕುಣಿಯೊಳಗೆ ನೋಡಿದ. ಬಸವಂತ್ರಾಯನನ್ನು ನೋಡಿದ, ಪೇಟೆಯ ಮುಖಗಳನ್ನೆಲ್ಲ ನೋಡಿದ. ರಸ್ತೆಯಲ್ಲಿ ಎತ್ತಿನ ಗೆಜ್ಜೆ ಅಲುಗಿದವು. ಅವನು ತಿರುಗಿ ಓಡಿದ.

"ಏ, ಎಲ್ಲಿ ಹೊಂಟ್ಯೋ! ಮಣ್ಣು ಹಾಕದ ಓಡ್ತಾರೇನೋ ಹುಚ್ಚಾ!" ಎಂದು ಬಸವಂತ್ರಾಯ ಕೂಗಿದ.

"ಮಾವಾರ, ನಿಂದರ್ರಿ!" ಸಂಗಣ್ಣನ ದನಿ ಹೊಲದ ತುಂಬ ಕೇಳಿಸಿತು. "ಆ ಅಕ್ಕಿ ಒಯ್ಯಬ್ಯಾಡ್ರಿ! ತಂಗಿಗಿ ರೊಟ್ಟಿ ಕೊಡ್ರಿ, ಪಲ್ಯಾ ಕೊಡ್ರಿ! ಅವ್ವಗ ಆರಾಮ ಆಗಿದ್ದು ಅನ್ನದಿಂದ ಅಲ್ರಿ. ಅಯ್ಯಮ್ಮನ ಮನ್ಯಾಗ ಕೂಲಿ ಬೀಸಿ ರೊಟ್ಟಿ ತಿಂದು ಆಗಿದ್ದು. ನಾ ಬಿಡಸ್ದೆ. ನಾನ ಬಿಡಸ್ದೆ!"

ಗಾಡಿ ನಿಂತಿತು. ಜಗದೇವಪ್ಪ ಬಾಯಿ ತೆರೆದು ನೋಡುತ್ತ ಕುಳಿತ. ಸಂಗಣ್ಣ ಗಾಡಿಯ ಹಿಂದಿನಿಂದ ಚೀಲದ ಕಿವಿ ಹಿಡಿದು ಜಗ್ಗತೊಡಗಿದ. ತುಂಬಿದ ಚೀಲ ಒಂದು ಕೈಗೆ ಜಗ್ಗುವಂಥದಲ್ಲ. ಇನ್ನೊಂದು ಕೈಯ ಮುಷ್ಟಿಯಲ್ಲಿ ಅವ್ವನಿಗೆ ಹಾಕಬೇಕಾದ ಮಣ್ಣಿತ್ತು, ಅದನ್ನು ಅವನು ಬಿಡಲಿಲ್ಲ. ಆಚೆ ಕುಣಿಯ ಸುತ್ತ ಜನ ಸಲಿಕೆ ಹಿಡಿದು ಅವನಿಗಾಗಿ ಕಾಯುತ್ತ ನಿಂತಿದ್ದರು.