ಕಮಾನಿಗಿಂತ ಮೊದಲು ತಾರಸಿ

ಕಲ್ಲುಬಾವಿಪಾಳ್ಯದ ಅಂಗನವಾಡಿಯ ತಾರಸಿಯಿಂದ ಮೊರದಗಲ ಗಾರೆ ಕಳಚಿ ಬಿತ್ತು. ಮಕ್ಕಳು ಮಲಗುವ ಚಾಪೆಯ ಮೇಲೇ ಬಿತ್ತು. ಆ ಹೊತ್ತಿಗೆ ಮಕ್ಕಳು ಹೊರಗೆ ಕೈ ತೊಳೆಯುತ್ತಿದ್ದುದೇ ಪುಣ್ಯ. ರಿಪೇರಿ ಆಗುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದು ಟೀಚರ್ ಹೇಳಿದರು.

ವನಜಾಕ್ಷಿಗೆ ದಿಕ್ಕು ತೋಚಲಿಲ್ಲ. ಮೂರು ವರ್ಷದ ಮಗಳು ಮೀನಾಳನ್ನು ಅಲ್ಲಿ ಬಿಟ್ಟೇ ಅವಳು ಸದಾಶಿವಯ್ಯನವರ ಕಣಕ್ಕೆ ಕೊಬ್ಬರಿ ಒಡೆಯಲು ಹೋಗುತ್ತಿದ್ದಳು. ಚಿಪ್ಪು ಒಡೆಯಬೇಕು, ಒಳಗಿನ ಉಂಡೆಗೆ ಮಚ್ಚು ತಾಗಬಾರದು. ಆ ಕೆಲಸದಲ್ಲಿ ಅವಳ ಕೈಗೆ ಸುತ್ತೂರಲ್ಲಿ ಹೆಸರಿತ್ತು. ಹತ್ತು ಮಚ್ಚು ಆಡುವ ಜಾಗದಲ್ಲಿ ಮಗುವನ್ನು ಎಲ್ಲಿ ಕೂರಿಸುವುದು? ಅಂಗನವಾಡಿ ತೆಗೆಯದಿದ್ದರೆ ಅವಳ ಕೆಲಸವೂ ನಿಂತಂತೆಯೇ.

ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕಣಕ್ಕೆ ಬಂದವಳು ಸಿಡುಕಿದಳು. “ಬಿಸಿಲಲ್ಲಿ ನಿಂತು ವೋಟ್ ಹಾಕಿದ್ವಿ. ಇನ್ನೇನ್ ಮಾಡ್ಬೇಕಿತ್ತು ನಾವು? ಗೆದ್ದೋರು ನೋಡ್ಕಬೇಕು ಕಣ್ರೀ.”

ಪಕ್ಕದಲ್ಲಿ ಒಡೆಯುತ್ತಿದ್ದ ಮುದುಕಿ ಸಿದ್ದಮ್ಮ ನಕ್ಕಳು. “ಗೆದ್ದೋನು ನೋಡ್ಕಂತಾ ಅವ್ನೆ ಕಣೇ, ಕನ್ನಡೀಲಿ.”

ಅಷ್ಟರಲ್ಲಿ ರುಕ್ಸಾನ ಬಂದಳು. ಬಸ್ ಸ್ಟಾಪಿನ ಹತ್ತಿರ ಹೊಲಿಗೆ ಅಂಗಡಿ ಅವಳದು. ಮಗಳು ರುಹಿಯೂ ಅದೇ ಅಂಗನವಾಡಿಯ ಮಗು. ಸಿದ್ದಮ್ಮನಿಗೆ ರವಿಕೆ ಕೊಟ್ಟು, ಬ್ಯಾಗಿನಿಂದ ಎರಡು ಜೆರಾಕ್ಸ್ ಹಾಳೆ ತೆಗೆದಳು.

“ಹೋದ ಗ್ರಾಮಸಭೆಯ ನಡಾವಳಿ ಇದು. ಅರ್ಜಿ ಕೊಟ್ಟು ತಗಂಡ್ ಬಂದೆ. ತಾರಸಿ ಬಿರುಕು ಬಿಟ್ಟೈತೆ, ರಿಪೇರಿ ಮಾಡ್ಸಿ ಅಂತ ಅವತ್ತೇ ಹೇಳ್ದೆ ಅಕ್ಕಾ. ಅದ್ನ ಬುಟ್ಟು ಊರ ಬಾಗಿಲಿಗೆ ಸ್ವಾಗತ ಕಮಾನು ಅಂತ ಬರ್ಕಂಡವ್ರೆ. ‘ಹೆಚ್ಚಿನವರ ಒಪ್ಪಿಗೆಯಂತೆ.’”

“ಯಾರ್ ಒಪ್ಪಿದ್ದು? ನಮ್ಮೂರಿಗೆ ಬರೋರೇ ಇಲ್ಲ, ಯಾರಿಗ್ ಸ್ವಾಗತ?” ಎಂದಳು ಸಿದ್ದಮ್ಮ.

“ಸಭೇಲಿ ಕೂತಿದ್ದೋರು ಹನ್ನೊಂದೇ ಜನ. ಸೈನ್ ಮಾತ್ರ ನೂರಾ ನಲವತ್ತು.” ರುಕ್ಸಾನ ಎರಡನೇ ಹಾಳೆಯ ಮೇಲೆ ಬೆರಳಿಟ್ಟಳು. “ಇದು ನಿನ್ ಸೈನ್ ಅಲ್ವಾ, ವನಜಕ್ಕ?”

ಅವಳದೇ. ಕೊನೆಯ ಅಕ್ಷರದ ಬಾಲವನ್ನು ಹಾಗೆ ಎಳೆಯುವವಳು ಊರಲ್ಲಿ ಅವಳೊಬ್ಬಳೇ.

ವನಜಾಕ್ಷಿಗೆ ನೆನಪಾಯಿತು. ತಿಪಟೂರು ಮಾರ್ಕೆಟ್ಟಿನ ಹಿಂದಿನ ದಿನ. ಬೆಳಗಾದರೆ ಲೋಡು ಹೋಗಬೇಕು, ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಪಂಚಾಯ್ತಿಯ ಜ್ಞಾನೇಶ್ ಕಣಕ್ಕೇ ಗ್ರಾಮಸಭೆಯ ಸಹಿ ಪುಸ್ತಕ ತಂದಿದ್ದ. “ಒಂದ್ ಸೈನ್ ಅಕ್ಕಾ, ನೀವ್ಯಾಕೆ ಬರೋ ತೊಂದ್ರೆ ತಗಂತೀರಾ?” ಎಷ್ಟು ಒಳ್ಳೆಯ ಹುಡುಗ ಅನ್ನಿಸಿತ್ತು. ಸೆರಗಿಗೆ ಕೈ ಒರೆಸಿಕೊಂಡು ಎಲ್ಲರೂ ಹಾಕಿದ್ದರು. ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದೆ ಎಂಬ ಹಿಗ್ಗು ಬೇರೆ.

ಸಂಜೆ ಗಂಡ ರವಿಕಿರಣನಿಗೆ ಹೇಳಿದಳು. ಅವನು ಕೊಬ್ಬರಿ ಚೀಲ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ.

“ಬುಡು ಅತ್ಲಾಗೆ. ಐದ್ ವರ್ಷಕ್ಕೆ ಮತ್ತೆ ಎಲೆಕ್ಷನ್ ಬತ್ತದೆ, ಆಗ ನೋಡ್ಕಳಾಣ.”

“ನಿನ್ ಗಾಡೀನ ಒಂದ್ಸಲ ಸರ್ವೀಸ್ ಮಾಡ್ಸಿ ಐದ್ ವರ್ಷ ಓಡಿಸ್ತೀಯಾ?”

ರವಿಕಿರಣ ಮುದ್ದೆ ಮುರಿದು ಸಾರಿಗೆ ಅದ್ದಿದ.

ಮುಂದಿನ ಗ್ರಾಮಸಭೆಯೂ ಮಾರ್ಕೆಟ್ಟಿನ ಹಿಂದಿನ ದಿನವೇ ಬಂತು. ಜ್ಞಾನೇಶ್ ಪುಸ್ತಕ ಹಿಡಿದು ಕಣಕ್ಕೆ ಬಂದ. ಲೋಡಿನ ದಿನವೆಂದು ಮೀನಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದ ವನಜಾಕ್ಷಿ ಮಚ್ಚು ಕೆಳಗಿಟ್ಟಳು.

“ಪುಸ್ತಕ ಅಲ್ಲೇ ಇಟ್ಟಿರಪ್ಪಾ. ನಾವೇ ಬತ್ತೀವಿ.”

“ಬಿಸಿಲು ಕಣಕ್ಕಾ...”

“ಇಲ್ಲೇನ್ ನೆರಳಲ್ಲಿ ಕೂತಿದ್ದೀವಾ? ನಡಿಲಾ ಮುಂದಕ್ಕೆ!” ಎಂದಳು ಸಿದ್ದಮ್ಮ.

ಸದಾಶಿವಯ್ಯ ಲೋಡಿಗಾಗಿ ಗೊಣಗಿದರು. ಬಂದು ಸಂಜೆಯೊಳಗೆ ಮುಗಿಸುತ್ತೇವೆ ಎಂದು ಹೇಳಿ ಹೆಂಗಸರು ಹೊರಟೇಬಿಟ್ಟರು. ದಾರಿಯಲ್ಲಿ ಇನ್ನಷ್ಟು ಮನೆಯವರು ಸೇರಿಕೊಂಡರು. ಪಂಚಾಯ್ತಿ ಅಂಗಳದಲ್ಲಿ ಕುರ್ಚಿ ಸಾಲದೆ ಜಗಲಿಯ ಮೇಲೂ ಕೂತರು. ಸೀರೆಯ ತುಂಬ ನಾರಿನ ಧೂಳು. ಯಾರೂ ಕೊಡವಿಕೊಳ್ಳಲಿಲ್ಲ.

ರುಕ್ಸಾನ ಮೊಣಕೈಯಿಂದ ತಿವಿದಳು. ವನಜಾಕ್ಷಿ ಎದ್ದು ನಿಂತಳು.

“ಕಮಾನು ಬ್ಯಾಡ ಅನ್ನಲ್ಲ ಸಾ. ಮೊದ್ಲು ಅಂಗನವಾಡಿ ತಾರಸಿ ಆಗ್ಲಿ.”

ಊರಿನ ಪಂಚಾಯ್ತಿ ಮೆಂಬರ್ ನಕ್ಕರು. “ಕಮಾನಿಗೆ ನೀವೇ ಸೈನ್ ಹಾಕಿದ್ದೀರಲ್ಲಮ್ಮ.”

ವನಜಾಕ್ಷಿ ಅವರ ಕಡೆಗೇ ತಿರುಗಿದಳು.

“ಹಾಕಿದ್ದೀನಿ. ಓದ್ದಲೇ ಹಾಕ್ದೆ, ತಪ್ಪು ನಂದೇ. ಇವತ್ತು ಓದ್ಕಂಡು ಬಂದಿದ್ದೀನಿ. ಆ ಚಾಪೆ ಮೇಲೆ ಮಲಗೋದು ನನ್ ಮಗಳು ಸಾ.”

ಸಭೆ ನಡೆಸಲು ಬಂದಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟು ಸಭೆಯ ಕಡೆ ನೋಡಿದರು. “ತಾರಸಿ ಮೊದಲು ಆಗಬೇಕು ಅನ್ನುವವರು ಕೈ ಎತ್ತಿ.” ಎಲ್ಲಕ್ಕಿಂತ ಮುಂಚೆ ಸಿದ್ದಮ್ಮನ ಕೈ ಮೇಲಿತ್ತು. ಹಿಂದೆಯೇ ಅಂಗಳದ ತುಂಬ ಕೈಗಳೆದ್ದವು. ಗೇಟಿನ ಬಳಿ ಇನ್ನೊಂದು ಕೈ. ನೋಡಿದರೆ ರವಿಕಿರಣ, ಆಟೋ ನಿಲ್ಲಿಸಿ ಬಂದಿದ್ದ.

ಬರೆದದ್ದನ್ನು ಜೋರಾಗಿ ಓದಿಸಿ ಕೇಳಿದ ಮೇಲೆಯೇ ಹೆಂಗಸರು ಸಹಿ ಹಾಕಿದರು. ಅಲ್ಲಿಗೂ ಬಿಡಲಿಲ್ಲ. ಕೆಲಸ ಯಾವಾಗ ಶುರು ಎಂದು ಸರದಿಯ ಮೇಲೆ ಹೋಗಿ ಕೇಳಿದರು. ಶುರುವಾದ ಮೇಲೆ ದಿನಾ ಒಬ್ಬರು ನಿಂತು ನೋಡಿದರು. “ಮೇಸ್ತ್ರಿಗಿಂತ ಹೆಚ್ಚು ಕಾಟ ಇವ್ರದ್ದು,” ಎಂದು ಗಾರೆಯವನು ಬೈದುಕೊಂಡೇ ಕೆಲಸ ಗಟ್ಟಿಯಾಗಿ ಮುಗಿಸಿದ.

ಅಂಗನವಾಡಿ ತೆರೆದ ದಿನ ಮೀನಾ ಅಮ್ಮನ ಕೈ ಬಿಡಿಸಿಕೊಂಡು ಒಳಗೆ ಓಡಿದಳು. ವನಜಾಕ್ಷಿ ಬಾಗಿಲಲ್ಲಿ ನಿಂತು ತಲೆ ಎತ್ತಿ ತಾರಸಿ ನೋಡಿದಳು. ಅದನ್ನು ಯಾರೂ ಅವಳಿಗೆ ದಾನ ಕೊಟ್ಟಿರಲಿಲ್ಲ. ಅವಳು ಕೇಳಿ ಮಾಡಿಸಿದ್ದು. ತಲೆ ತಗ್ಗಿಸಲು ಮನಸ್ಸೇ ಬರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ವೋಟು ಹಾಕಿದ ದಿನಕ್ಕೆ ನಿಮ್ಮ ಕೆಲಸ ಮುಗಿಯುವುದಿಲ್ಲ. ಗ್ರಾಮಸಭೆ ವರ್ಷಕ್ಕೆ ಕಡಿಮೆಯೆಂದರೂ ಎರಡು ಸಲ ನಡೆಯಬೇಕು. ಅಲ್ಲಿ ಮಾತಾಡುವುದು ನಿಮ್ಮ ಹಕ್ಕು. ಹೋಗದ ಸಭೆಗೆ ಸಹಿ ಹಾಕಬೇಡಿ. ಏನು ಬರೆದರು ಎಂದು ಓದಿಸಿ ಕೇಳಿ, ನಡಾವಳಿಯ ನಕಲು ಪಡೆಯಿರಿ. ನಿಮ್ಮ ಊರಿನ ಮುಂದಿನ ಸಭೆ ಎಂದು? ಗೊತ್ತಿಲ್ಲದಿದ್ದರೆ ನಾಳೆಯೇ ಪಂಚಾಯ್ತಿಗೆ ಹೋಗಿ ಕೇಳಿ. ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.